ಗಾಜಿನೊಳಗಿನ ಆವಿ ರೇಡಿಯೋ ಕೇಳುವುದು ಹೇಗೆ?

ಪ್ರಶ್ನೆ: ನಾನು ಹ್ಯಾಮ್ ರೇಡಿಯೋ ಹವ್ಯಾಸಿ. ಆಂಟೆನಾ ಕಟ್ಟಿ, ಕಿತ್ತು, ಮತ್ತೆ ಕಟ್ಟುವುದೇ ನನ್ನ ಖುಷಿ. ಇತ್ತೀಚೆಗೆ ಒಂದು ಕಡೆ ಓದಿದೆ. ಪುಟ್ಟ ಗಾಜಿನ ಡಬ್ಬಿಯಲ್ಲಿ ಲೋಹದ ಆವಿ ತುಂಬಿ, ಅದರೊಳಗೆ ಎರಡು ಲೇಸರ್ ಬಿಟ್ಟರೆ ಅದೇ ರೇಡಿಯೋ ಸಿಗ್ನಲ್ ಹಿಡಿಯುತ್ತದಂತೆ, ತಂತಿಯೇ ಬೇಡವಂತೆ. ಪರಮಾಣು ಅಷ್ಟು ಚಿಕ್ಕದು, ರೇಡಿಯೋ ಅಲೆ ಮೀಟರುಗಟ್ಟಲೆ ಉದ್ದ. ಇದು ಹೇಗೆ ಸಾಧ್ಯ? ನಿಜವಾಗಿಯೂ ನಮ್ಮ ಆಂಟೆನಾಕ್ಕಿಂತ ಚೆನ್ನಾಗಿದೆಯಾ? ಮನೆಯಲ್ಲಿ ಮಾಡಿ ನೋಡಬಹುದಾ?

ಉತ್ತರ: ನೀವು ಓದಿದ್ದು ನಿಜ. ಗಾಜಿನ ಡಬ್ಬಿಯೂ ನಿಜ, ಲೇಸರೂ ನಿಜ. ಅದು ಆಂಟೆನಾಕ್ಕಿಂತ ಚೆನ್ನಾಗಿದೆಯಾ ಅನ್ನುವುದಕ್ಕೆ ಮಾತ್ರ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಉದ್ದದ ಅನುಮಾನ ನೋಡೋಣ. ಇಡೀ ವಿಷಯದ ಬೀಗ ಇರುವುದೇ ಅಲ್ಲಿ.

ನೀವು 20 ಮೀಟರ್ ಬ್ಯಾಂಡಿಗೆ ಡೈಪೋಲ್ ಎಂಬ ಸಾದಾ ತಂತಿ ಆಂಟೆನಾ ಕಟ್ಟುವಾಗ ಸುಮಾರು 10 ಮೀಟರ್ ತಂತಿ ಅಳೆಯುತ್ತೀರಿ. ಅರ್ಧ ಅಲೆಯ ಉದ್ದ. ಅಷ್ಟಿದ್ದರೆ ತಂತಿಯೊಳಗಿನ ಎಲೆಕ್ಟ್ರಾನುಗಳ ಓಡಾಟ ಅಲೆಯ ತಾಳಕ್ಕೆ ಕೂಡಿಕೊಳ್ಳುತ್ತದೆ. ಈ ತಾಳ ಕೂಡುವುದಕ್ಕೇ ರೆಸೊನೆನ್ಸ್ ಅನ್ನುವುದು. ಅಂದರೆ ಆಂಟೆನಾದಲ್ಲಿ ರೆಸೊನೆನ್ಸ್ ಬರುವುದು ಉದ್ದದಿಂದ. ಪರಮಾಣುವಿನಲ್ಲಿ ಹಾಗಲ್ಲ. ಅಲ್ಲಿ ತಾಳ ಕೂಡುವುದು ಎರಡು ಶಕ್ತಿ ಮಟ್ಟಗಳ ನಡುವಿನ ಅಂತರದಿಂದ. ಎಲೆಕ್ಟ್ರಾನು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಶಕ್ತಿ ಬೇಕೋ, ಅಷ್ಟೇ ಶಕ್ತಿಯ ಅಲೆ ಬಂದರೆ ಅದು ಸ್ಪಂದಿಸುತ್ತದೆ. ಅಲೆ ಎಷ್ಟು ಮೀಟರ್ ಉದ್ದ ಅನ್ನುವುದು ಅದಕ್ಕೆ ಲೆಕ್ಕವೇ ಅಲ್ಲ.

ಹಾಗಾದರೆ ನಮ್ಮ ಸುತ್ತಲಿನ ಎಲ್ಲ ಪರಮಾಣುಗಳೂ ರೇಡಿಯೋ ಹಿಡಿಯಬೇಕಿತ್ತಲ್ವಾ? ಹಿಡಿಯುವುದಿಲ್ಲ. ಮಾಮೂಲು ಪರಮಾಣುವಿನಲ್ಲಿ ಎಲೆಕ್ಟ್ರಾನು ಕೆಳಗಿನ ಮೆಟ್ಟಿಲಲ್ಲಿ ಕೂತಿರುತ್ತದೆ. ಅಲ್ಲಿಂದ ಮುಂದಿನ ಮೆಟ್ಟಿಲು ಬಹಳ ಎತ್ತರ. ರುಬಿಡಿಯಂನಲ್ಲಿ ಆ ಮೊದಲ ಹೆಜ್ಜೆಗೆ 780 ನ್ಯಾನೋಮೀಟರ್ ಬೆಳಕು ಬೇಕು. ಫ್ರೀಕ್ವೆನ್ಸಿಯಲ್ಲಿ ಹೇಳಿದರೆ ಸುಮಾರು 384 ಟೆರಾಹರ್ಟ್ಸ್. ನಿಮ್ಮ 20 ಮೀಟರ್ ಬ್ಯಾಂಡಿನ 14 ಮೆಗಾಹರ್ಟ್ಸ್ ಅಲೆ ಅದರ ಮುಂದೆ ಏನೂ ಅಲ್ಲ.

ಆದರೆ ಈ ಏಣಿಗೆ ಒಂದು ಗುಣ ಇದೆ. ಮೇಲೆ ಹೋದಂತೆ ಮೆಟ್ಟಿಲುಗಳು ಒತ್ತೊತ್ತಾಗುತ್ತವೆ. ಸ್ವೀಡನ್ನಿನ ಯೊಹಾನ್ನೆಸ್ ರಿಡ್‌ಬರ್ಗ್ 1888ರಲ್ಲಿ ಪರಮಾಣುಗಳು ಬಿಡುವ ಬೆಳಕಿನ ಗೆರೆಗಳಿಗೆ ಸೂತ್ರ ಬರೆದಾಗ ಈ ಒತ್ತೊತ್ತು ಅದರೊಳಗೇ ಇತ್ತು. ಮೆಟ್ಟಿಲಿನ ಸಂಖ್ಯೆಯನ್ನು ನಾವು ಎನ್ ಎನ್ನುತ್ತೇವೆ. ಎರಡು ಮೆಟ್ಟಿಲುಗಳ ಅಂತರ ಎನ್‌ನ ಘನಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಎನ್ 50ರ ಹತ್ತಿರ ಬಂದರೆ ಪಕ್ಕದ ಮೆಟ್ಟಿಲು ಸುಮಾರು 50 ಗಿಗಾಹರ್ಟ್ಸ್ ದೂರ ಅಷ್ಟೇ. ರುಬಿಡಿಯಂನಂಥ ಪರಮಾಣುವಿನಲ್ಲಿ ಒಂದೊಂದು ಎನ್‌ಗೂ ಹಲವು ಉಪಮಟ್ಟಗಳಿವೆ. ಅವುಗಳ ನಡುವೆ ಇನ್ನೂ ಸಣ್ಣ ಅಂತರಗಳು ಸಿಗುತ್ತವೆ. ಆ ಉಪಮಟ್ಟಗಳಿಗೆ ಪಿ, ಡಿ ಎಂಬಂಥ ಹೆಸರುಗಳಿವೆ. 53ನೆಯ ಡಿ ಮಟ್ಟದಿಂದ 54ನೆಯ ಪಿ ಮಟ್ಟಕ್ಕೆ ಹೋಗಲು ಬೇಕಾದದ್ದು ಸುಮಾರು 14.2 ಗಿಗಾಹರ್ಟ್ಸ್. ಅದು ಅಪ್ಪಟ ಮೈಕ್ರೋವೇವ್. ಹೀಗೆ ಎತ್ತರದ ಮೆಟ್ಟಿಲಿಗೆ ಏರಿಸಿದ ಪರಮಾಣುವನ್ನೇ ರಿಡ್‌ಬರ್ಗ್ ಪರಮಾಣು ಅನ್ನುವುದು.

ಅದು ಎಷ್ಟು ದೊಡ್ಡದು ಗೊತ್ತಾ? ಮಾಮೂಲು ಹೈಡ್ರೋಜನ್ ಪರಮಾಣುವಿನ ತ್ರಿಜ್ಯ 0.053 ನ್ಯಾನೋಮೀಟರ್. ಗಾತ್ರ ಎನ್‌ನ ವರ್ಗದಂತೆ ಬೆಳೆಯುತ್ತದೆ. ಎನ್ 50 ಆದರೆ 2500 ಪಟ್ಟು, ಅಂದರೆ ತ್ರಿಜ್ಯ ಸುಮಾರು 130 ನ್ಯಾನೋಮೀಟರ್. ಒಂದು ಫ್ಲೂ ವೈರಸ್ಸಿಗಿಂತ ದೊಡ್ಡ ಪರಮಾಣು! ನನಗೆ ಈ ಮಾತು ಇವತ್ತಿಗೂ ಹಳೆಯದಾಗಿಲ್ಲ. ಹೊರಗಿನ ಎಲೆಕ್ಟ್ರಾನನ್ನು ನ್ಯೂಕ್ಲಿಯಸ್ ಹಿಡಿದಿಟ್ಟಿರುವ ಬಿಗಿಯೂ ಅಷ್ಟೇ ಪಟ್ಟು ಸಡಿಲ. ಉದ್ದ ದಾರ ಬಿಟ್ಟ ಗಾಳಿಪಟದ ಹಾಗೆ. ಸಣ್ಣ ಗಾಳಿ ಬಂದರೂ ಅದು ಓಲಾಡುತ್ತದೆ. ಇಲ್ಲಿ ಗಾಳಿ ಎಂದರೆ ರೇಡಿಯೋ ಅಲೆಯ ವಿದ್ಯುತ್ ಕ್ಷೇತ್ರ. ಓಲಾಟದ ಬಲವೂ, ಅಂದರೆ ಡೈಪೋಲ್ ಮೊಮೆಂಟ್ ಕೂಡ, ಎನ್‌ನ ವರ್ಗದಂತೆಯೇ ಬೆಳೆಯುತ್ತದೆ. ಸಂವೇದನೆ ಬರುವುದು ಇಲ್ಲಿಂದ.

ಪರಮಾಣುಗಳು ರೇಡಿಯೋದಲ್ಲಿ ಮಾತಾಡುವುದು ಹೊಸ ಸಂಗತಿಯೇನೂ ಅಲ್ಲ. 1965ರಲ್ಲಿ ಅಮೆರಿಕದ ಗ್ರೀನ್ ಬ್ಯಾಂಕ್ ದೂರದರ್ಶಕ ಆಕಾಶದ ಅನಿಲ ಮೋಡಗಳಿಂದ 5 ಗಿಗಾಹರ್ಟ್ಸ್ ಹತ್ತಿರ ಒಂದು ಗೆರೆ ಹಿಡಿಯಿತು. ಹೈಡ್ರೋಜನ್ನಿನ ಎಲೆಕ್ಟ್ರಾನು 110ನೆಯ ಮೆಟ್ಟಿಲಿನಿಂದ 109ಕ್ಕೆ ಇಳಿಯುವಾಗ ಬಿಟ್ಟ ಅಲೆ ಅದು. ಅಲ್ಲಿ ಪರಮಾಣು ಟ್ರಾನ್ಸ್‌ಮಿಟರ್. ನಮ್ಮ ಗಾಜಿನ ಡಬ್ಬಿಯಲ್ಲಿ ಅಂಥದೇ ಪರಮಾಣು ರಿಸೀವರ್.

ಈಗ ಡಬ್ಬಿಗೆ ಬರೋಣ. ನಾವು ಅದನ್ನು ವೇಪರ್ ಸೆಲ್ ಅನ್ನುತ್ತೇವೆ. ಬೆರಳಿನಷ್ಟು ಉದ್ದದ, ಗಾಳಿ ತೆಗೆದು ಮುಚ್ಚಿದ ಗಾಜು. ಒಳಗೆ ಚಿಟಿಕೆಯಷ್ಟು ರುಬಿಡಿಯಂ ಅಥವಾ ಸೀಸಿಯಂ. ರುಬಿಡಿಯಂ 39 ಡಿಗ್ರಿಗೇ ಕರಗುವ ಲೋಹ. ಬಿಸಿ ಮಾಡದಿದ್ದರೂ ಸ್ವಲ್ಪ ಆವಿ ಎದ್ದೇ ಇರುತ್ತದೆ. ಕೋಣೆಯ ತಾಪದಲ್ಲಿ ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು 1000 ಕೋಟಿ ಪರಮಾಣು. ಕೇಳಲು ಜಾಸ್ತಿ ಅನಿಸಿದರೂ ಗಾಳಿಗೆ ಹೋಲಿಸಿದರೆ ಅದು ಬಹುತೇಕ ಖಾಲಿ. ಶೀತಲೀಕರಣ ಬೇಡ, ನಿರ್ವಾತ ಪಂಪು ಬೇಡ. ಕ್ವಾಂಟಂ ಉಪಕರಣ ಎಂದರೆ ಹಿಮಗಟ್ಟಿದ ದೊಡ್ಡ ಪೀಪಾಯಿ ಎಂದುಕೊಂಡವರಿಗೆ ಇದನ್ನು ಅಂಗೈ ಮೇಲೆ ಇಟ್ಟು ತೋರಿಸಬಹುದು.

ಎರಡು ಲೇಸರ್ ಯಾಕೆ? ಮೊದಲನೆಯದು 780 ನ್ಯಾನೋಮೀಟರಿನದು. ಅದು ಎಲೆಕ್ಟ್ರಾನನ್ನು ಮೊದಲ ಮೆಟ್ಟಿಲಿಗೆ ಏರಿಸುತ್ತದೆ. ಎರಡನೆಯದು 480 ನ್ಯಾನೋಮೀಟರಿನ ನೀಲಿ. ಅದು ಅಲ್ಲಿಂದ ಎತ್ತರದ ರಿಡ್‌ಬರ್ಗ್ ಮಟ್ಟಕ್ಕೆ ಒಯ್ಯುತ್ತದೆ. ಇಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಮೊದಲ ಲೇಸರ್ ಒಂದನ್ನೇ ಬಿಟ್ಟರೆ ಆವಿ ಅದನ್ನು ನುಂಗುತ್ತದೆ. ಆಚೆ ಕಡೆ ಇಟ್ಟ, ಬೆಳಕನ್ನು ಕರೆಂಟಾಗಿಸುವ ಫೋಟೋಡಯೋಡಿಗೆ ಬೆಳಕು ಕಡಿಮೆ ಬರುತ್ತದೆ. ಅದರ ಮೇಲೆ ಎರಡನೆಯ ಲೇಸರನ್ನೂ ಸರಿಯಾದ ಫ್ರೀಕ್ವೆನ್ಸಿಯಲ್ಲಿ ಬಿಟ್ಟರೆ ಆವಿ ನುಂಗುವುದನ್ನು ನಿಲ್ಲಿಸುತ್ತದೆ! ನುಂಗಲು ಎರಡು ದಾರಿಗಳಾಗಿ, ಅವು ಒಂದನ್ನೊಂದು ಅಳಿಸಿಹಾಕುತ್ತವೆ. ಎರಡು ಅಲೆಗಳು ಎದುರುಬದುರು ತಾಳದಲ್ಲಿ ಬಂದು ನೀರು ನಿಶ್ಚಲವಾಗುವ ಹಾಗೆ. ಕಪ್ಪಾಗಿದ್ದ ಆವಿಯಲ್ಲಿ ಒಂದು ಸಣ್ಣ ಕಿಟಕಿ ತೆರೆಯುತ್ತದೆ. ಲೇಸರಿನ ಫ್ರೀಕ್ವೆನ್ಸಿಯನ್ನು ಸರಿಸುತ್ತಾ ನೋಡಿದರೆ, ಸಿಗ್ನಲನ್ನು ಗ್ರಾಫಿನಂತೆ ತೋರಿಸುವ ಆಸಿಲೋಸ್ಕೋಪಿನಲ್ಲಿ ಅದು ಚೂಪಾದ ಒಂದು ಶಿಖರದಂತೆ ಕಾಣುತ್ತದೆ. ಇಂಥ ಪಾರದರ್ಶಕತೆಯನ್ನು ಸ್ಟ್ಯಾನ್‌ಫರ್ಡ್‌ನ ಸ್ಟೀಫನ್ ಹ್ಯಾರಿಸ್ ತಂಡ 1991ರಲ್ಲಿ ಮೊದಲು ತೋರಿಸಿತು. ರಿಡ್‌ಬರ್ಗ್ ಮಟ್ಟಗಳಲ್ಲಿ ಅದನ್ನು ಸಾಮಾನ್ಯ ತಾಪದ ಆವಿಯಲ್ಲೇ ಕಂಡದ್ದು 2007ರಲ್ಲಿ, ಬ್ರಿಟನ್ನಿನ ಡರ್ಹಂ ವಿಶ್ವವಿದ್ಯಾಲಯದಲ್ಲಿ.

ಆಮೇಲೆ ರೇಡಿಯೋ ಅಲೆ ಬರುತ್ತದೆ. ಅದರ ಫ್ರೀಕ್ವೆನ್ಸಿ ಪಕ್ಕದ ರಿಡ್‌ಬರ್ಗ್ ಮಟ್ಟದ ಅಂತರಕ್ಕೆ ಸರಿಹೊಂದಿದರೆ, ಆ ಎರಡು ಮಟ್ಟಗಳು ಒಂದಕ್ಕೊಂದು ತಗುಲಿಕೊಂಡು ಪ್ರತಿಯೊಂದೂ ಇಬ್ಭಾಗವಾಗುತ್ತದೆ. ಒಂದಿದ್ದ ಶಿಖರ ಎರಡಾಗುತ್ತದೆ. ಔಟ್ಲರ್ ಮತ್ತು ಟೌನ್ಸ್ 1955ರಲ್ಲಿ ವಿವರಿಸಿದ ಸಂಗತಿ ಇದು. ಅಲೆ ಬಲವಾದಷ್ಟೂ ಎರಡು ಶಿಖರಗಳು ದೂರ ಸರಿಯುತ್ತವೆ. ನೀವು ಮಾಡಬೇಕಾದ್ದು ಇಷ್ಟೇ: ಆ ಶಿಖರಗಳ ನಡುವಿನ ಅಂತರವನ್ನು ಅಳೆಯುವುದು.

ನನಗೆ ಇಡೀ ವಿಷಯದಲ್ಲಿ ಅತಿ ದೊಡ್ಡದು ಅನಿಸುವುದು ಇದೇ. ಸುದ್ದಿಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಜಾಗ ಸಿಗುವುದಿಲ್ಲ. ನಿಮ್ಮ ಹತ್ತಿರ ಒಂದು ಫೀಲ್ಡ್ ಸ್ಟ್ರೆಂತ್ ಮೀಟರ್ ಇದೆ ಎಂದುಕೊಳ್ಳಿ. ಅದು ಸರಿಯಾಗಿ ತೋರಿಸುತ್ತಿದೆ ಅಂತ ಹೇಗೆ ಗೊತ್ತು? ಅದನ್ನು ಬಲ ಗೊತ್ತಿರುವ ಕ್ಷೇತ್ರದಲ್ಲಿಟ್ಟು ಸರಿಮಾಡಿರುತ್ತಾರೆ. ಆ ಕ್ಷೇತ್ರದ ಬಲ ಹೇಗೆ ಗೊತ್ತಾಯಿತು? ಇನ್ನೊಂದು ಸರಿಮಾಡಿದ ಮೀಟರಿನಿಂದ, ಅಥವಾ ಆಂಟೆನಾದ ಆಕಾರದ ಲೆಕ್ಕದಿಂದ. ಹೀಗೆ ಒಂದರ ಬಾಲ ಇನ್ನೊಂದರ ಬಾಯಲ್ಲಿ. ಮೊದಲ ಅಳತೆಗೋಲು ಎಲ್ಲಿಂದ ಬರಬೇಕು ಅನ್ನುವುದು ಹಳೆಯ ತಲೆನೋವು. ಪರಮಾಣು ಆ ಸುತ್ತನ್ನು ಕತ್ತರಿಸುತ್ತದೆ. ಶಿಖರಗಳ ಅಂತರ ಎಂದರೆ ಕ್ಷೇತ್ರದ ಬಲ ಗುಣಿಸು ಡೈಪೋಲ್ ಮೊಮೆಂಟ್, ಭಾಗಿಸು ಪ್ಲಾಂಕ್ ಸ್ಥಿರಾಂಕ. ಪ್ಲಾಂಕ್ ಸ್ಥಿರಾಂಕದ ಬೆಲೆಯನ್ನು 2019ರಿಂದ ನಿಖರವಾಗಿ ನಿಗದಿಮಾಡಲಾಗಿದೆ. ಡೈಪೋಲ್ ಮೊಮೆಂಟನ್ನು ಸಿದ್ಧಾಂತದಿಂದಲೇ ಶೇಕಡಾ 1ಕ್ಕಿಂತ ಕಡಿಮೆ ತಪ್ಪಿನಲ್ಲಿ ಲೆಕ್ಕ ಹಾಕಬಹುದು. ಉಳಿದದ್ದು ಫ್ರೀಕ್ವೆನ್ಸಿ. ಫ್ರೀಕ್ವೆನ್ಸಿಯಷ್ಟು ಚೆನ್ನಾಗಿ ಮನುಷ್ಯರು ಬೇರೇನನ್ನೂ ಅಳೆಯಲಾರರು.

ಒಂದು ಲೆಕ್ಕ ಕೊಡುತ್ತೇನೆ. ಡೈಪೋಲ್ ಮೊಮೆಂಟು ಪರಮಾಣು ಏಕಮಾನದಲ್ಲಿ (ಎಲೆಕ್ಟ್ರಾನಿನ ವಿದ್ಯುದಂಶ ಗುಣಿಸು ಹೈಡ್ರೋಜನ್ ತ್ರಿಜ್ಯ) 1000 ಇರುವ ಒಂದು ಜೋಡಿ ಮಟ್ಟ ತೆಗೆದುಕೊಳ್ಳಿ. ಮೀಟರಿಗೆ 1 ವೋಲ್ಟ್ ಕ್ಷೇತ್ರ ಬಂದರೆ ಶಿಖರಗಳು ಸುಮಾರು 12.8 ಮೆಗಾಹರ್ಟ್ಸ್ ದೂರ ಸರಿಯುತ್ತವೆ. ಅರ್ಧ ವೋಲ್ಟ್ ಬಂದರೆ 6.4. ಯಾವ ದೇಶದ ಯಾವ ಪ್ರಯೋಗಾಲಯದಲ್ಲಿ ಮಾಡಿದರೂ ಅಷ್ಟೇ. ಯಾಕೆಂದರೆ ರುಬಿಡಿಯಂ ಎಲ್ಲ ಕಡೆಯೂ ಒಂದೇ. ಅದು ಸವೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಒಂದಕ್ಕಿಂತ ಇನ್ನೊಂದು ಕೂದಲೆಳೆಯಷ್ಟೂ ಬೇರೆ ಇರುವುದಿಲ್ಲ. ಅಮೆರಿಕದ ಅಳತೆ ಮಾನಕ ಸಂಸ್ಥೆ ನಿಸ್ಟ್‌ನಲ್ಲಿ ಕ್ರಿಸ್ ಹಾಲೋವೇ ಮತ್ತು ಅವರ ಜೊತೆಗಾರರು ಈ ವಿಷಯದ ಹಿಂದೆ ಬಿದ್ದದ್ದು ಇದೇ ಕಾರಣಕ್ಕೆ.

ವೇಪರ್ ಸೆಲ್‌ನಲ್ಲಿ ಹೀಗೆ ಮೈಕ್ರೋವೇವ್ ಅಳೆಯಬಹುದು ಎಂದು ಗಟ್ಟಿಯಾಗಿ ತೋರಿಸಿದ ಕೆಲಸ 2012ರದು. ಒಕ್ಲಹೋಮ ವಿಶ್ವವಿದ್ಯಾಲಯದ ಜೇಮ್ಸ್ ಶಾಫರ್ ತಂಡ ಜರ್ಮನಿಯ ಸ್ಟುಟ್‌ಗಾರ್ಟ್ ಗುಂಪಿನ ಜೊತೆ ಸೇರಿ ಮಾಡಿತು. ನಾನು ಮೇಲೆ ಹೇಳಿದ 14.2 ಗಿಗಾಹರ್ಟ್ಸ್ ಜೋಡಿಯೇ ಅಲ್ಲಿ ಬಳಕೆಯಾದದ್ದು. ಒಂದು ಸೆಕೆಂಡು ಅಳೆದರೆ ಸೆಂಟಿಮೀಟರಿಗೆ ಸುಮಾರು 30 ಮೈಕ್ರೋವೋಲ್ಟ್ ಕ್ಷೇತ್ರ ಗುರುತಿಸುವ ಮಟ್ಟದಲ್ಲಿ ಅವರಿದ್ದರು.

ಇನ್ನೂ ದುರ್ಬಲ ಸಿಗ್ನಲ್ ಬಂದರೆ ತೊಂದರೆ ಇದೆ. ಶಿಖರಕ್ಕೆ ಅದರದ್ದೇ ಅಗಲ ಇದೆ. ಇಬ್ಭಾಗ ಆ ಅಗಲಕ್ಕಿಂತ ಕಡಿಮೆಯಾದರೆ ಎರಡು ಶಿಖರ ಕಾಣುವುದೇ ಇಲ್ಲ. ಇದರ ಪರಿಹಾರ ನಿಮಗೆ ಚೆನ್ನಾಗಿ ಗೊತ್ತಿರುವುದೇ: ಸೂಪರ್‌ಹೆಟ್. ಮಾಮೂಲು ರೇಡಿಯೋದೊಳಗಿನ ಹಾಗೆ, ಫ್ರೀಕ್ವೆನ್ಸಿ ಗೊತ್ತಿರುವ ಒಂದು ಬಲವಾದ ಅಲೆಯನ್ನು (ಲೋಕಲ್ ಆಸಿಲೇಟರ್) ಹೊರಗಿನಿಂದ ಸೆಲ್ ಮೇಲೆ ಬಿಡುತ್ತಾರೆ. ಬರುವ ಸಿಗ್ನಲ್ ಅದಕ್ಕಿಂತ ಕೆಲವು ಕಿಲೋಹರ್ಟ್ಸ್ ಆಚೀಚೆ ಇರುತ್ತದೆ. ಎರಡೂ ಸೇರಿ ಬೀಟ್, ಅಂದರೆ ಎರಡರ ವ್ಯತ್ಯಾಸದ ತಾಳದಲ್ಲಿ ಏರಿಳಿತ, ಹುಟ್ಟುತ್ತದೆ. ಪರಮಾಣುವೇ ಮಿಕ್ಸರ್. ಫೋಟೋಡಯೋಡಿನಿಂದ ಹೊರಬರುವುದು ಆ ಬೀಟ್. ಇದರಿಂದ ಇನ್ನೊಂದು ಲಾಭವೂ ಇದೆ. ಬರೀ ಇಬ್ಭಾಗ ನೋಡಿದರೆ ಅಲೆಯ ಬಲ ಮಾತ್ರ ಗೊತ್ತಾಗುತ್ತದೆ, ಫೇಸ್, ಅಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಅನ್ನುವುದು, ಗೊತ್ತಾಗುವುದಿಲ್ಲ. ಬೀಟ್‌ನಲ್ಲಿ ಫೇಸ್ ಕೂಡ ಸಿಗುತ್ತದೆ. ನಿಸ್ಟ್ ತಂಡ 2019ರಲ್ಲಿ ಈ ದಾರಿ ತೋರಿಸಿತು. 2020ರಲ್ಲಿ ಚೀನಾದ ಶಾನ್‌ಷಿ ವಿಶ್ವವಿದ್ಯಾಲಯದವರು ಇದೇ ದಾರಿಯಲ್ಲಿ ಸೆಂಟಿಮೀಟರಿಗೆ 55 ನ್ಯಾನೋವೋಲ್ಟ್‌ವರೆಗೆ ಇಳಿದರು. ಎಂಟು ವರ್ಷದಲ್ಲಿ 500 ಪಟ್ಟಿಗೂ ಹೆಚ್ಚು ಸುಧಾರಣೆ.

ಎಎಂ, ಅಂದರೆ ಅಲೆಯ ಬಲವನ್ನು ಏರಿಳಿಸಿ ಕಳಿಸಿದ ದನಿ, ಕೇಳುವುದಂತೂ ಇನ್ನೂ ಸಲೀಸು. ಲೇಸರುಗಳನ್ನು ಶಿಖರದ ನಡುಮಧ್ಯಕ್ಕೆ ನಿಲ್ಲಿಸಿ. ಅಲೆಯ ಬಲ ಏರಿಳಿದಂತೆ ಕಿಟಕಿ ಮುಚ್ಚಿ ತೆರೆಯುತ್ತದೆ. ಫೋಟೋಡಯೋಡಿನ ಕರೆಂಟ್ ಅದೇ ತಾಳದಲ್ಲಿ ಕುಣಿಯುತ್ತದೆ. ಆ ಕರೆಂಟೇ ಆಡಿಯೋ. ಬೇರೆ ಡಿಟೆಕ್ಟರ್ ಬೇಡ. ಆಂಪ್ಲಿಫೈಯರಿಗೆ ಕೊಟ್ಟು ಸ್ಪೀಕರಿಗೆ ಜೋಡಿಸಿದರೆ ಆಯಿತು. ಗಾಜಿನ ಸೆಲ್‌ನಿಂದ ಬಂದ ದನಿ ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು. 2022ರಲ್ಲಿ ನಿಸ್ಟ್‌ನವರು ಹೀಗೆಯೇ ಬಣ್ಣದ ಟಿವಿ ಚಿತ್ರವನ್ನೂ ನೇರವಾಗಿ ಹಿಡಿದು ತೋರಿಸಿದರು.

ಈಗ ನಿಮ್ಮ ಎರಡನೆಯ ಪ್ರಶ್ನೆ. ಇದು ಆಂಟೆನಾಕ್ಕಿಂತ ಚೆನ್ನಾಗಿದೆಯಾ? ದುರ್ಬಲ ಸಿಗ್ನಲ್ ಹಿಡಿಯುವುದೊಂದೇ ಪರೀಕ್ಷೆಯಾದರೆ, ಸದ್ಯಕ್ಕೆ ಇಲ್ಲ. ಇದನ್ನು ಸುತ್ತಿಬಳಸಿ ಹೇಳಬಾರದು. 7 ಗಿಗಾಹರ್ಟ್ಸ್ ಹತ್ತಿರದ ಒಂದು ಸಾದಾ ಡೈಪೋಲ್ ತೆಗೆದುಕೊಳ್ಳಿ. ಕೋಣೆಯ ತಾಪದಿಂದ ಹುಟ್ಟುವ ಶಬ್ದದ, ಅಂದರೆ ಸಿಗ್ನಲನ್ನು ಮುಚ್ಚುವ ವಿದ್ಯುತ್ ಗೊರಗೊರದ, ಮಟ್ಟ ಎಷ್ಟು ಕ್ಷೇತ್ರಕ್ಕೆ ಸಮ ಎಂದು ಲೆಕ್ಕ ಹಾಕಿದರೆ ಸೆಂಟಿಮೀಟರಿಗೆ ಸುಮಾರು 1 ನ್ಯಾನೋವೋಲ್ಟ್ ಬರುತ್ತದೆ. ಪರಮಾಣುವಿನ 55ರ ಪಕ್ಕದಲ್ಲಿ ಇಟ್ಟು ನೋಡಿ. ಡಿಶ್ ಹಾಕಿದರೆ ಆಂಟೆನಾ ಇನ್ನೂ ಮುಂದೆ ಹೋಗುತ್ತದೆ. ಕಾರಣ ಸರಳ. ಆಂಟೆನಾ ತನ್ನ ಸುತ್ತಲಿನ ಜಾಗದಿಂದ ಶಕ್ತಿ ಬಾಚಿ ಒಂದು ತುದಿಗೆ ತರುತ್ತದೆ. ಆವಿ ತಾನಿದ್ದ ಜಾಗದ ಕ್ಷೇತ್ರವನ್ನು ಮಾತ್ರ ನೋಡುತ್ತದೆ. ಸೆಲ್ ಸುತ್ತ ಸಣ್ಣ ಲೋಹದ ರೆಸೊನೇಟರ್ ಇಟ್ಟು ಕ್ಷೇತ್ರವನ್ನು ಹೆಚ್ಚಿಸುವ ಪ್ರಯತ್ನಗಳು ಫಲ ಕೊಟ್ಟಿವೆ. ಆದರೆ ಲೋಹ ತಂದ ಕೂಡಲೇ ಸರಿಮಾಡುವ ಹಳೆಯ ತಲೆನೋವೂ ಜೊತೆಗೆ ಬರುತ್ತದೆ.

ಉದ್ದದ ವಿಷಯದಲ್ಲೂ ಒಂದು ಮಾತು. ಅಲೆಗೆ ಹೋಲಿಸಿದರೆ ತೀರಾ ಚಿಕ್ಕ ಆಂಟೆನಾ ಮಾಡಿದರೆ ಬ್ಯಾಂಡ್‌ವಿಡ್ತ್ (ಒಂದೇ ಸಲಕ್ಕೆ ಹಿಡಿಯುವ ಫ್ರೀಕ್ವೆನ್ಸಿಗಳ ಹರವು) ಕುಗ್ಗುತ್ತದೆ, ಇಲ್ಲವೇ ದಕ್ಷತೆ ಹೋಗುತ್ತದೆ. ಚೂ ಎಂಬ ಎಂಜಿನಿಯರ್ 1948ರಲ್ಲೇ ಈ ಮಿತಿಯನ್ನು ಲೆಕ್ಕ ಹಾಕಿ ತೋರಿಸಿದ್ದರು. ಪರಮಾಣುವಿಗೆ ಈ ಮಿತಿ ಹಾಗೇ ಅನ್ವಯಿಸುವುದಿಲ್ಲ. ಒಂದು ಸೆಂಟಿಮೀಟರಿನ ಅದೇ ಸೆಲ್ ಮೆಗಾಹರ್ಟ್ಸ್‌ಗೂ ಆಗುತ್ತದೆ, ಗಿಗಾಹರ್ಟ್ಸ್‌ಗೂ ಆಗುತ್ತದೆ. ಆದರೆ ಇದನ್ನು ಕೇಳಿ ನಿಮ್ಮ ಎಚ್‌ಎಫ್ ಡೈಪೋಲನ್ನು ಇಳಿಸಬೇಡಿ. 30 ಮೆಗಾಹರ್ಟ್ಸ್ ಕೆಳಗೆ ಆಕಾಶದ ಶಬ್ದವೇ ರಿಸೀವರಿನ ಶಬ್ದಕ್ಕಿಂತ ಬಹಳ ಜಾಸ್ತಿ. ಅಲ್ಲಿ ಬರೀ ಕೇಳುವುದಕ್ಕೆ ಚಿಕ್ಕ ಆಂಟೆನಾವೂ ಸಾಕು. ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ಬಿಚ್ಚಿ ನೋಡಿದ್ದೀರಲ್ಲ? 300 ಮೀಟರ್ ಉದ್ದದ ಮೀಡಿಯಂ ವೇವ್ ಅಲೆಯನ್ನು ಬೆರಳುದ್ದದ ಫೆರೈಟ್ ಕಡ್ಡಿ ಹಿಡಿಯುತ್ತದೆ. ಅಲ್ಲದೆ ಈ ಆವಿಯಿಂದ ಕಳಿಸಲು ಆಗುವುದಿಲ್ಲ. ಕೇಳಬಹುದು ಅಷ್ಟೇ. ಟ್ರಾನ್ಸ್‌ಮಿಟ್ ಮಾಡಲು ತಂತಿ ಬೇಕೇ ಬೇಕು.

ಹಾಗಾದರೆ ಪರಮಾಣು ಗೆಲ್ಲುವುದು ಎಲ್ಲಿ? ಅಳತೆಯಲ್ಲಿ, ಆಗಲೇ ಹೇಳಿದೆ. ಟ್ಯೂನಿಂಗ್‌ನಲ್ಲೂ ಗೆಲ್ಲುತ್ತದೆ. ನೀಲಿ ಲೇಸರಿನ ಬಣ್ಣವನ್ನು ತುಸು ಬದಲಿಸಿದರೆ ಬೇರೆ ಮೆಟ್ಟಿಲಿಗೆ ಹೋಗಬಹುದು. ಅಲ್ಲಿ ಪಕ್ಕದ ಅಂತರ ಬೇರೆ, ಫ್ರೀಕ್ವೆನ್ಸಿ ಬೇರೆ. ಅಮೆರಿಕದ ಸೇನೆಯ ಸಂಶೋಧನಾ ಪ್ರಯೋಗಾಲಯ 2021ರಲ್ಲಿ ಸೊನ್ನೆಯಿಂದ 20 ಗಿಗಾಹರ್ಟ್ಸ್‌ವರೆಗೆ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಎಂದು ನೋಡುವ ಸ್ಪೆಕ್ಟ್ರಂ ಅನಲೈಸರನ್ನು ಇಂಥ ಪರಮಾಣುಗಳಿಂದ ಮಾಡಿ ತೋರಿಸಿತು. ಟೆರಾಹರ್ಟ್ಸ್ ಕಡೆಗೂ ಕೈ ಚಾಚಬಹುದು. ಡರ್ಹಂ ತಂಡ 2020ರಲ್ಲಿ 0.55 ಟೆರಾಹರ್ಟ್ಸ್ ಅಲೆಯ ಚಿತ್ರವನ್ನು ಸೀಸಿಯಂ ಆವಿಯ ಹಸಿರು ಹೊಳಪಾಗಿ ಬದಲಿಸಿ, ಸೆಕೆಂಡಿಗೆ 3000 ಚಿತ್ರಗಳಂತೆ ಸೆರೆಹಿಡಿಯಿತು. ಆ ಫ್ರೀಕ್ವೆನ್ಸಿಯಲ್ಲಿ ಮಾಮೂಲು ಎಲೆಕ್ಟ್ರಾನಿಕ್ಸ್ ಏದುಸಿರು ಬಿಡುತ್ತದೆ. ನನ್ನ ಪ್ರಕಾರ ಮುಂದೆ ಹೆಚ್ಚು ಉಪಯೋಗ ಕಾಣುವುದು ಈ ತುದಿಯಲ್ಲೇ. ಇನ್ನು, ಸೆಲ್‌ನಲ್ಲಿ ಲೋಹದ ತಂತಿ ಇಲ್ಲ. ಲೇಸರನ್ನು ಆಪ್ಟಿಕಲ್ ಫೈಬರಿನಲ್ಲಿ ತಂದು, ಎಲೆಕ್ಟ್ರಾನಿಕ್ಸನ್ನು ದೂರ ಇಡಬಹುದು. ಭಾರೀ ಸಿಗ್ನಲ್ ಬಡಿದರೆ ಮಾಮೂಲು ರಿಸೀವರಿನ ಮುಂಭಾಗ ಸುಟ್ಟುಹೋಗುತ್ತದೆ. ಇಲ್ಲಿ ಸುಡಲು ತಂತಿಯೇ ಇಲ್ಲ.

ಪರಮಾಣುವಿನ ಕಷ್ಟಗಳೂ ಕಮ್ಮಿಯೇನಲ್ಲ. ಒಂದು ಸಲಕ್ಕೆ ನೋಡಬಹುದಾದ ಬ್ಯಾಂಡ್ ಕೆಲವು ಮೆಗಾಹರ್ಟ್ಸ್‌ನಿಂದ ಹತ್ತರ ಆಸುಪಾಸು. ಪರಮಾಣು ಹೊಸ ಸ್ಥಿತಿಗೆ ಹೊಂದಿಕೊಳ್ಳಲು ಸಮಯ ಬೇಕಲ್ವಾ, ಅದಕ್ಕೆ. ಲೇಸರ್ ಕಿರಣವನ್ನು ಸಣ್ಣದು ಮಾಡಿದರೆ ಹೊಸ ಪರಮಾಣುಗಳು ಬೇಗ ಬೇಗ ಒಳಗೆ ಬಂದು ವೇಗ ಹೆಚ್ಚುತ್ತದೆ. ಆದರೆ ಕಿರಣದೊಳಗಿನ ಪರಮಾಣುಗಳ ಸಂಖ್ಯೆ ಇಳಿದು ಸಂವೇದನೆ ಕಡಿಮೆಯಾಗುತ್ತದೆ. ಪರಮಾಣುಗಳ ಓಟವೂ ಕಾಡುತ್ತದೆ. ಕೋಣೆಯ ತಾಪದಲ್ಲಿ ರುಬಿಡಿಯಂ ಸೆಕೆಂಡಿಗೆ ಸರಾಸರಿ 270 ಮೀಟರ್ ವೇಗದಲ್ಲಿ ಓಡುತ್ತದೆ. ಡಾಪ್ಲರ್ ಪರಿಣಾಮದಿಂದ ಅದಕ್ಕೆ 780 ನ್ಯಾನೋಮೀಟರ್ ಬೆಳಕು ಸುಮಾರು 350 ಮೆಗಾಹರ್ಟ್ಸ್ ಆಚೀಚೆ ಕಾಣುತ್ತದೆ. ಎರಡು ಲೇಸರುಗಳನ್ನು ಎದುರುಬದುರು ಬಿಟ್ಟರೆ ಇದು ಬಹುಪಾಲು ರದ್ದಾಗುತ್ತದೆ. ಎರಡರ ಬಣ್ಣ ಬೇರೆ ಆದ್ದರಿಂದ ಪೂರ್ತಿ ರದ್ದಾಗುವುದಿಲ್ಲ. ಹಾಗಾಗಿ ಈಗ ಕೆಲವರು ಮೂರು ಲೇಸರುಗಳ ದಾರಿ ಹಿಡಿದಿದ್ದಾರೆ. ಗಾಜೂ ತನ್ನ ಪಾಲಿನ ಕಾಟ ಕೊಡುತ್ತದೆ. ಅಲೆ ಗೋಡೆಗೆ ತಾಗಿ ಒಳಗೆ ಪ್ರತಿಫಲಿಸಿ ಕ್ಷೇತ್ರ ಎಲ್ಲ ಕಡೆ ಒಂದೇ ಇರುವುದಿಲ್ಲ. ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಇನ್ನೊಂದು ಸಮಸ್ಯೆ: ಒಳಗೋಡೆಗೆ ಅಂಟಿದ ರುಬಿಡಿಯಂನ ತೆಳು ಪದರವೇ ಅಲೆಯನ್ನು ತಡೆದುಬಿಡುತ್ತದೆ. 2020ರಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು ಗಾಜಿನ ಬದಲು ನೀಲಮಣಿಯ ಸೆಲ್ ಬಳಸಿ ಇದನ್ನು ದಾಟಿದರು.

ಕೊನೆಗೆ, ಮನೆಯಲ್ಲಿ ಮಾಡಬಹುದಾ? ನಿಮ್ಮ ಉತ್ಸಾಹ ನನಗೆ ಅರ್ಥವಾಗುತ್ತದೆ, ಆದರೆ ಬೇಡ ಅನ್ನುತ್ತೇನೆ. ಸೆಲ್ ಸಮಸ್ಯೆಯಲ್ಲ. ಲೇಸರ್ ಸಮಸ್ಯೆ. ಎರಡೂ ಲೇಸರುಗಳು ಒಂದು ಮೆಗಾಹರ್ಟ್ಸ್‌ಗಿಂತ ಕಿರಿದಾದ ಗೆರೆಯಲ್ಲಿ ಗಂಟೆಗಟ್ಟಲೆ ಅಲುಗದೆ ನಿಲ್ಲಬೇಕು. 480ರ ಲೇಸರ್ ದುಬಾರಿ. ಯಾರೋ ಬಾಗಿಲು ಹಾಕಿದ ಸದ್ದಿಗೆ ಲಾಕ್ ತಪ್ಪಿ, ಇಡೀ ಮಧ್ಯಾಹ್ನದ ಅಳತೆ ಹಾಳಾದದ್ದು ನನಗೆ ಎಷ್ಟೋ ಸಲ ಆಗಿದೆ. ಕಣ್ಣಿನ ಅಪಾಯ ಇನ್ನೂ ದೊಡ್ಡದು. 780 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಮಸುಕು ಕೆಂಪಾಗಿ ಮಾತ್ರ ಕಾಣುತ್ತದೆ. ಬೆಳಕು ಕಡಿಮೆ ಇದೆ ಅನಿಸುತ್ತದೆ, ರೆಟಿನಾಕ್ಕೆ ಮಾತ್ರ ಪೂರ್ತಿ ಬೀಳುತ್ತದೆ. ಸೆಲ್ ಒಡೆದರೆ ರುಬಿಡಿಯಂ ಗಾಳಿ ತಾಗಿದ ಕೂಡಲೇ ಹೊತ್ತಿಕೊಳ್ಳಬಹುದು.

ಪರಮಾಣು ಭೌತಶಾಸ್ತ್ರದ ಪ್ರಯೋಗಾಲಯ ಇರುವ ಕಾಲೇಜು ನಿಮಗೆ ಎಟುಕುವಂತಿದ್ದರೆ, ರುಬಿಡಿಯಂನ 780ರ ಗೆರೆಗಳನ್ನು ತೋರಿಸಿ ಎಂದು ಕೇಳಿ. ಅದು ವಿದ್ಯಾರ್ಥಿಗಳು ಮಾಡುವ ಪ್ರಯೋಗ, ಒಂದೇ ಲೇಸರ್ ಸಾಕು. ಅತಿಗೆಂಪು ಕ್ಯಾಮೆರಾದಲ್ಲಿ ನೋಡಿದರೆ ಗಾಜಿನೊಳಗೆ ಕಿರಣದ ದಾರಿ ಉದ್ದಕ್ಕೂ ಹೊಳೆಯುತ್ತದೆ. ಲೇಸರಿನ ಫ್ರೀಕ್ವೆನ್ಸಿಯನ್ನು ತುಸು ಸರಿಸಿದರೆ ಆರಿಹೋಗುತ್ತದೆ, ವಾಪಸ್ ತಂದರೆ ಮತ್ತೆ ಬೆಳಗುತ್ತದೆ. ನೀವು ಡಯಲ್ ತಿರುಗಿಸಿ ಸ್ಟೇಷನ್ ಹುಡುಕುವ ಹಾಗೆಯೇ.